ಮಳಿಗೆ ನಂಬರ್ 14

ನಮ್ಮ ಹೈಸ್ಕೂಲಿನ 1996ರ ಎಸ್ಸೆಸ್ಸೆಲ್ಸಿ ಬ್ಯಾಚಿನ ವಾಟ್ಸಾಪ್ ಗುಂಪಿಗೆ ನಾನೇ ಅಡ್ಮಿನ್. ಅಡ್ಮಿನ್ ಅಂದರೆ ಹುಟ್ಟುಹಬ್ಬಕ್ಕೆ ಕೇಕ್ ಚಿತ್ರ ಹಾಕುವವನು, ರಾಜಕೀಯ ಶುರುವಾದರೆ "ಸಾಕು ಬಿಡ್ರಪ್ಪಾ" ಅನ್ನುವವನು. ಹೋದ ಭಾನುವಾರ ಆ ಮಾತು ಯಾರಿಗೂ ಕೇಳಿಸಲಿಲ್ಲ. ಹೆಸರು ಬದಲಾಯಿಸಿ, ಬೈಗುಳ ತೆಗೆದು ಇಲ್ಲಿ ಹಾಕಿದ್ದೇನೆ. ಊರಿನ ಹೆಸರು ಬೇಡ. ಪುರಸಭೆ ಇರುವ ಯಾವ ಊರಿನವರಾದರೂ ಇದು ನಮ್ಮದೇ ಅಂದುಕೊಳ್ಳಬಹುದು.

ಬೆಳಗ್ಗೆ 7:52ಕ್ಕೆ ಮಂಜ ಒಂದು ಫಾರ್ವರ್ಡ್ ಹಾಕಿದ.

"ಎಲ್ಲರಿಗೂ ಶೇರ್ ಮಾಡಿ 🙏 ಹಳೇ ಬಸ್ ಸ್ಟ್ಯಾಂಡ್ ಪುರಸಭೆ ಮಳಿಗೆಗಳಲ್ಲಿ ಎಷ್ಟೋ ವರ್ಷದಿಂದ ಬದುಕು ಕಟ್ಟಿಕೊಂಡ 42 ಕುಟುಂಬಗಳನ್ನು ಬೀದಿಗೆ ತಳ್ಳಲು ಹೊರಟ ಅಧಿಕಾರಿಗಳಿಗೆ ಧಿಕ್ಕಾರ! ಹರಾಜು ರದ್ದಾಗುವವರೆಗೆ ಹೋರಾಟ. ನಿಮ್ಮ ಸಹಿಯೇ ನಮ್ಮ ಬಲ. ಸೋಮವಾರ 10 ಗಂಟೆಗೆ ಪುರಸಭೆ ಮುಂದೆ ಬನ್ನಿ."

ಮಂಜ: ನಮ್ಮ ಅಪ್ಪನ ಕಾಲದ ಅಂಗಡಿಯೂ ಇದರಲ್ಲಿದೆ, ನಂಬರ್ 14. ಎಲ್ಲರೂ ಹೆಸರು ಹಾಕಿ. ಊರಲ್ಲಿ ಇಲ್ಲದವರೂ ಹಾಕಬಹುದು.

ಗಿರೀಶ: ಹಾಕಿದೆ ಕಣೋ 👍

ರೇಣುಕಾ: ನಾನೂ. ಪಾಪ, ಆ ಸಾಲಿನಲ್ಲೇ ಅಲ್ವಾ ನಾವು ಪೆನ್ನಿಗೆ ಇಂಕ್ ಹಾಕಿಸುತ್ತಿದ್ದದ್ದು.

ಸುಧಾ: ನಾನು ಹಾಕುವುದಿಲ್ಲ.

ಲಕ್ಷ್ಮಣ ಮೇಷ್ಟ್ರು: 🌹 ಶುಭೋದಯ 🌹 ನಗುವೇ ಸಂಪತ್ತು 🌹

ಮಂಜ: ಯಾಕೆ ಸುಧಾ ಮೇಡಂ? ನಾವೇನು ತಪ್ಪು ಮಾಡಿದ್ದೇವೆ?

ಸುಧಾ: ತಪ್ಪು ಅಂತ ಅಲ್ಲ ಮಂಜ. ಈ ಮೆಸೇಜಿನಲ್ಲಿ ಅರ್ಧ ವಿಷಯವೇ ಇಲ್ಲ. ಪುರಸಭೆ ಮಳಿಗೆ ಹರಾಜಿನಲ್ಲಿ ಸಿಕ್ಕರೆ ಅದು 12 ವರ್ಷಕ್ಕೆ. ಆಮೇಲೆ ಮತ್ತೆ ಹರಾಜು ಆಗಬೇಕು. ನಮ್ಮ ಹಳೇ ಬಸ್ ಸ್ಟ್ಯಾಂಡಿನದು ಕೊನೆಯ ಸಲ ಹರಾಜಾಗಿದ್ದು 1998ರಲ್ಲಿ. ಅಂದರೆ 2010ಕ್ಕೇ ಮುಗಿಯಿತು. ಅಲ್ಲಿಂದ ಇಲ್ಲಿಯವರೆಗೆ ಯಾವ ಕರಾರಿನ ಮೇಲೆ ಕೂತಿದ್ದೀರಿ ಹೇಳು. ಅವಧಿ ಮುಗಿದ ಮೇಲೂ ಸರ್ಕಾರಿ ಜಾಗ ಬಿಡದವರನ್ನು ಎಬ್ಬಿಸಲು 1974ರಿಂದ ಕಾಯ್ದೆಯೇ ಇದೆ. ಪುರಸಭೆ ಅದನ್ನು ಕಪಾಟಿನಿಂದ ಹೊರಗೆ ತೆಗೆದಿಲ್ಲ, ಅಷ್ಟೇ.

ಮಂಜ: ಬಾಡಿಗೆ ಕಟ್ಟುತ್ತಿದ್ದೇವಲ್ಲ! ಒಂದು ತಿಂಗಳೂ ಬಾಕಿ ಇಲ್ಲ. ರಸೀದಿ ಹಾಕಲಾ?

ಸುಧಾ: ಹಾಕು. ಎಷ್ಟು ಅಂತಲೂ ಎಲ್ಲರೂ ನೋಡಲಿ.

(ಹತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ. ರಸೀದಿಯೂ ಬರಲಿಲ್ಲ.)

ಸುಧಾ: ನಾನೇ ಹೇಳುತ್ತೇನೆ. 1,350 ರೂಪಾಯಿ. ಎದುರಿಗಿರುವ ಖಾಸಗಿ ಕಟ್ಟಡದಲ್ಲಿ ಅಷ್ಟೇ ಅಳತೆಯ ಅಂಗಡಿಗೆ 9,000, ಮೇಲೆ 3 ಲಕ್ಷ ಅಡ್ವಾನ್ಸ್.

ರೇಣುಕಾ: ಇದೆಲ್ಲ ನಿನಗೆ ಹೇಗೆ ಗೊತ್ತು ಕಣೇ?

ಸುಧಾ: ಮಾಹಿತಿ ಹಕ್ಕಿನಲ್ಲಿ ಕೇಳಿದೆ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ಮೀರುವಂತಿಲ್ಲ, ವಿಷಯವೂ ಒಂದೇ ಇರಬೇಕು. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಪದ ಎಣಿಸಿ ಬರೆದಿದ್ದು. 30 ದಿನ ಕಳೆದರೂ ಉತ್ತರ ಇಲ್ಲ, ಮೇಲ್ಮನವಿ ಹಾಕಿದ ಮೇಲೆ 42 ಮಳಿಗೆಯ ಪಟ್ಟಿ ಕೊಟ್ಟರು. ಯಾರ ಹೆಸರಲ್ಲಿದೆ, ಎಷ್ಟು ಬಾಡಿಗೆ, ಎಷ್ಟು ಬಾಕಿ, ಎಲ್ಲ ಇದೆ.

ಮಂಜ: ಬಾಡಿಗೆ ಕಡಿಮೆ, ಸರಿ. ಸೌಕರ್ಯ ಏನಿದೆ ಅಂತಲೂ ಅದರಲ್ಲಿ ಬರೆದಿದ್ದಾರಾ? ಆರ್‌ಸಿಸಿ ಸೋರುತ್ತದೆ. ಮೇಲೆ ತಗಡು ಹಾಕಿಸಿದ್ದು ನಾವು. ಷಟರ್ ತುಕ್ಕು ಹಿಡಿದು ಬಿದ್ದಾಗ ಹೊಸದು ಹಾಕಿಸಿದ್ದು ನಾವು. ಮುಂದಿನ ಚರಂಡಿ ಮೇಲೆ ಕಲ್ಲು ಚಪ್ಪಡಿ ಹಾಸಿದ್ದೂ ನಾವೇ, ಇಲ್ಲದಿದ್ದರೆ ಗಿರಾಕಿ ಹಾರಿಕೊಂಡು ಬರಬೇಕಿತ್ತು. ಶೌಚಾಲಯಕ್ಕೆ ಬೀಗ, ಕೀಲಿ ಯಾರ ಹತ್ತಿರ ಇದೆಯೋ ದೇವರಿಗೇ ಗೊತ್ತು. ಇಷ್ಟು ವರ್ಷದಲ್ಲಿ ಪುರಸಭೆಯವರು ಮಾಡಿದ್ದು ಹಳದಿ ಪೇಂಟಲ್ಲಿ ನಂಬರ್ ಬರೆದಿದ್ದು ಒಂದೇ.

ಗಿರೀಶ: ಇದು ನಿಜ. ಹೋದ ಮಳೆಗಾಲದಲ್ಲಿ ಬಂದಾಗ ನೋಡಿದೆ, ಅಲ್ಲಿ ಬಕೆಟ್ ಇಟ್ಟುಕೊಂಡು ವ್ಯಾಪಾರ ಮಾಡುತ್ತಿದ್ದರು. ಇನ್ನೊಂದು ಮಾತು. ಈಗ ಪುರಸಭೆಯಲ್ಲಿ ಸದಸ್ಯರೇ ಇಲ್ಲ. ಅವಧಿ ಮುಗಿದು ಆಡಳಿತಾಧಿಕಾರಿ ಕೈಯಲ್ಲಿದೆ. ನಾಳೆ ವರ್ಗವಾಗಿ ಹೋಗುವ ಅಧಿಕಾರಿ 42 ಅಂಗಡಿಯ ಹಣೆಬರಹ ಬರೆಯುವುದು ಯಾವ ನ್ಯಾಯ? ಚುನಾವಣೆ ಆಗಲಿ, ಹೊಸಬರು ಬಂದು ತೀರ್ಮಾನ ಮಾಡಲಿ.

ಶಿವು: ಗಿರಿ, ಇದಕ್ಕೆ ನಾನು ಉತ್ತರ ಕೊಡಲೇಬೇಕು, ಬೈಯಬೇಡ.

(ಶಿವು ನಮ್ಮ ಬ್ಯಾಚಿನ ಏಕೈಕ ಮಾಜಿ ಸದಸ್ಯ. ಟೈಪ್ ಮಾಡುತ್ತಿದ್ದಾನೆ, ಟೈಪ್ ಮಾಡುತ್ತಿದ್ದಾನೆ ಅಂತ ಕಾಲು ಗಂಟೆ ತೋರಿಸಿತು.)

ಶಿವು: ನಾನು ಗೆದ್ದಿದ್ದು 2018ರ ಆಗಸ್ಟ್ ಚುನಾವಣೆಯಲ್ಲಿ. ಅಧ್ಯಕ್ಷ ಉಪಾಧ್ಯಕ್ಷರ ಮೀಸಲಾತಿ ಕೋರ್ಟಿಗೆ ಹೋಯಿತು, ರಾಜ್ಯದ ತುಂಬಾ ಹೀಗೇ ಆಯಿತು, ನಾವು ಕುರ್ಚಿಯಲ್ಲಿ ಕೂತಿದ್ದು 2020ರ ಕೊನೆಗೆ. ಎರಡು ವರ್ಷ ಹಾರ ಹಾಕಿಸಿಕೊಂಡು ಮನೆಯಲ್ಲಿದ್ದೆ, ವಾರ್ಡಿನವರು ನಲ್ಲಿ ನೀರು ಬಂದಿಲ್ಲ ಅಂತ ನನ್ನನ್ನೇ ಬೈಯುತ್ತಿದ್ದರು. 2023ರ ಮೇಗೆ ಅಧ್ಯಕ್ಷರ ಮೊದಲ 30 ತಿಂಗಳು ಮುಗಿಯಿತು, ಎರಡನೇ ಅವಧಿಯ ಮೀಸಲಾತಿ ಪಟ್ಟಿ ಬಂದಿದ್ದು 2024ರ ಆಗಸ್ಟಿಗೆ. ಮಧ್ಯೆ ಮತ್ತೆ ಆಡಳಿತಾಧಿಕಾರಿ. ಇರಲಿ, ಆ ಗೋಳು ಬೇರೆ. ಸಭೆ ನಡೆದಾಗಲೂ ಮಳಿಗೆ ವಿಷಯ ಏನಾಯಿತು ಗೊತ್ತಾ? ಅಜೆಂಡಾದಲ್ಲಿ ಯಾವಾಗಲೂ ಕೊನೆಯ ವಿಷಯ ಅದೇ. ಅಷ್ಟು ಹೊತ್ತಿಗೆ ಟೀ ಬಿಸ್ಕತ್ತು ಬರುತ್ತದೆ, ಟೀ ಕುಡಿದವರು ಒಬ್ಬೊಬ್ಬರೇ ಎದ್ದು ಹೋಗುತ್ತಾರೆ, ಕೋರಂ ಇಲ್ಲ, 'ಮುಂದಿನ ಸಭೆಗೆ ಮುಂದೂಡಲಾಯಿತು'. 23 ಜನರಲ್ಲಿ ಆರೇಳು ಜನರ ಮನೆಯವರ ಹೆಸರಲ್ಲಿ ಮಳಿಗೆ ಇತ್ತು. ಚುನಾಯಿತರು ಬಂದು ಮಾಡಲಿ ಅಂತೀಯಲ್ಲ, ಮಾಡುವುದಿಲ್ಲ ಕಣೋ. ಮಾಡಿದರೆ ಈಗಲೇ.

ಗಿರೀಶ: ಆ ಟೀ ನೀನೂ ಕುಡಿದಿದ್ದೀಯಲ್ಲ.

ಶಿವು: ಕುಡಿದಿದ್ದೇನೆ. ಬಿಸ್ಕತ್ತೂ ತಿಂದಿದ್ದೇನೆ.

ರೇಣುಕಾ: ಬ್ಯಾಂಕಿನವಳು ನಾನು, ಲೆಕ್ಕ ಹಾಕದೆ ಇರಲು ಆಗಲ್ಲ. 9,000ದಲ್ಲಿ 1,350 ಕಳೆದರೆ 7,650. 42 ಮಳಿಗೆಗೆ ತಿಂಗಳಿಗೆ 3,21,300. ವರ್ಷಕ್ಕೆ 38 ಲಕ್ಷ ಚಿಲ್ಲರೆ! ನಮ್ಮಮ್ಮ ಪ್ರತಿ ಏಪ್ರಿಲ್‌ನಲ್ಲಿ ಶೇಕಡಾ 5 ರಿಯಾಯಿತಿ ತಪ್ಪಿಹೋಗುತ್ತದೆ ಅಂತ ಬಿಸಿಲಲ್ಲಿ ಹೋಗಿ ಮನೆ ಕಂದಾಯ ಕಟ್ಟಿ ಬರುತ್ತಾಳೆ. ಆ ಕಂದಾಯ ಈಗ ಸರ್ಕಾರ ಆಸ್ತಿಗೆ ಗೊತ್ತುಮಾಡುವ ಮಾರ್ಗಸೂಚಿ ಬೆಲೆಗೆ ತಗಲಿಕೊಂಡು ಮೇಲೆ ಹೋಗುತ್ತಲೇ ಇದೆ. ಅವಳದು ಏರಬೇಕು, ಮಳಿಗೆಯದು 1998ರಲ್ಲೇ ನಿಲ್ಲಬೇಕಾ? ನನ್ನ ಹೆಸರು ತೆಗೆಯಿರಿ.

ಮಂಜ: ಆ ದುಡ್ಡು ಬಂದರೆ ನಿಮ್ಮಮ್ಮನ ಬೀದಿಗೆ ಲೈಟ್ ಹಾಕುತ್ತಾರೆ ಅಂದುಕೊಂಡಿದ್ದೀಯಾ? ಕನಸು.

ಸುಧಾ: ಹಾಕಿಸಿಕೊಳ್ಳುವುದು ಆಮೇಲಿನ ಜಗಳ. ಆದರೆ ರೇಣು ಹೇಳಿದ ಕಂದಾಯದ ಚೀಟಿಯನ್ನೇ ನೋಡು. ಅದರಲ್ಲಿ ತೆರಿಗೆ ಮೇಲೆ ಆರೋಗ್ಯ ಕರ 15, ಗ್ರಂಥಾಲಯ ಕರ 6, ಭಿಕ್ಷುಕರ ಕರ 3, ಎಲ್ಲ ಶೇಕಡಾ ಲೆಕ್ಕ. ಪುರಸಭೆ ಇದನ್ನು ವಸೂಲಿ ಮಾಡಿ ಬೇರೆಯವರಿಗೆ ಕೊಡಬೇಕು. ಬಾಡಿಗೆ ಹಾಗಲ್ಲ, ಪೂರ್ತಿ ಊರಿನದೇ. ಊರಿಗೆ ಅಂತ ಇರುವ ಸ್ವಂತ ದುಡ್ಡು ಅಂದರೆ ಕಂದಾಯ, ನೀರಿನ ಬಿಲ್ಲು, ಲೈಸನ್ಸು, ಸಂತೆ ಸುಂಕ ಮತ್ತು ಈ ಬಾಡಿಗೆ. ಇದನ್ನೂ ಬಿಟ್ಟುಬಿಟ್ಟರೆ ಒಂದು ಮೋಟಾರ್ ಸುಟ್ಟುಹೋದರೂ ಬೆಂಗಳೂರಿನ ಕಡೆ ಮುಖ ಮಾಡಿ ನಿಲ್ಲಬೇಕು. ಆಮೇಲೆ ಮಂಜ, ಒಂದು ಪ್ರಶ್ನೆ. 14ರಲ್ಲಿ ಈಗ ಕೂತಿರುವುದು ಯಾರು?

(ಮಂಜ ಆನ್‌ಲೈನ್ ಇದ್ದ. ಏನೋ ಬರೆದ. ಡಿಲೀಟ್ ಮಾಡಿದ.)

ನಮಗೆಲ್ಲರಿಗೂ ಗೊತ್ತಿತ್ತು. 14ರಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡು ಕೂತಿರುವವನು ಇಮ್ತಿಯಾಜ್, ಇದೇ ಬ್ಯಾಚು, ಇದೇ ಗುಂಪು. ಹಬ್ಬಕ್ಕೆ ಒಂದು ಮೆಸೇಜ್ ಹಾಕುವುದು ಬಿಟ್ಟರೆ ಅವನು ಏನೂ ಬರೆಯುವುದಿಲ್ಲ. ಮಧ್ಯಾಹ್ನ ನಮಾಜ್ ಮುಗಿಸಿ ಬಂದವನು ಇಷ್ಟು ಬರೆದ.

ಇಮ್ತಿಯಾಜ್: ಸುಧಾ ಅವರೇ, ನನ್ನ ಹೆಸರಲ್ಲಿ ಜಗಳ ಆಡಬೇಡಿ. ಮಂಜನ ಮೇಲೆ ನನಗೆ ಬೇಜಾರಿಲ್ಲ. 2011ರಲ್ಲಿ ಅವರಪ್ಪ ಜಾಗ ಕೊಡದಿದ್ದರೆ ನನ್ನ ಮಷಿನ್ ಮನೆ ಜಗಲಿ ಮೇಲೇ ಇರುತ್ತಿತ್ತು. ತಿಂಗಳಿಗೆ 8,000 ಕೊಡುತ್ತೇನೆ, ರಸೀದಿ ಕೇಳಿಲ್ಲ, ಅವರೂ ಕೊಟ್ಟಿಲ್ಲ. ತಗಡು, ಷಟರ್ ಅಂತ ಮಂಜ ಬರೆದನಲ್ಲ, ಆ ಖರ್ಚು ನನ್ನದು, ಇರಲಿ ಬಿಡಿ. ಲೈಸನ್ಸ್ ಇನ್ನೂ ಮಂಜನ ಅಪ್ಪನ ಹೆಸರಲ್ಲಿದೆ, ಅವರು ತೀರಿಕೊಂಡು ನಾಲ್ಕು ವರ್ಷ. ಹೊಸ ಮಷಿನ್‌ಗೆ ಸಾಲ ಕೇಳಲು ಹೋದರೆ ಅಂಗಡಿ ಕಾಗದ ತಗೊಂಡು ಬಾ ಅಂದರು, ಯಾರ ಕಾಗದ ತೋರಿಸಲಿ? ಹರಾಜು ಆಗದಿದ್ದರೆ ಹೀಗೇ ಇರಬೇಕು, ಮಂಜ ಬಿಡು ಅಂದ ದಿನ ಬಿಡಬೇಕು. ಹರಾಜು ಆದರೆ ದುಡ್ಡಿದ್ದವರು ಬಂದು ಎಷ್ಟಕ್ಕೆ ಬೇಕಾದರೂ ಕೂಗುತ್ತಾರೆ. ನನಗೆ ಯಾವ ಕಡೆ ಸಹಿ ಹಾಕಬೇಕು ಅಂತ ಬೆಳಗ್ಗಿನಿಂದ ಗೊತ್ತಾಗುತ್ತಿಲ್ಲ.

ಗಿರೀಶ: ಇದಕ್ಕೆ ಏನು ಹೇಳುತ್ತೀಯ ಸುಧಾ? ನಿನ್ನ ಪಟ್ಟಿಯಲ್ಲಿ ಇಮ್ತಿಯಾಜ್ ಹೆಸರೇ ಇಲ್ಲ.

ಸುಧಾ: ಇಲ್ಲ. ಕಾಗದದ ಮೇಲೆ ಒಳಬಾಡಿಗೆ ಅನ್ನುವುದೇ ಇಲ್ಲ. ನಾನು ಅದನ್ನು ಯೋಚಿಸಿರಲಿಲ್ಲ, ಒಪ್ಪಿಕೊಳ್ಳುತ್ತೇನೆ.

ಶಿವು: ಇಮ್ತಿಯಾಜ್ ಹೇಳಿದ ಭಯ ಸುಳ್ಳಲ್ಲ. ಸಂತೆ ಮೈದಾನದ ಹೊಸ ಮಳಿಗೆ ನೆನಪಿದೆಯಾ? ಜಿದ್ದಿಗೆ ಬಿದ್ದು 20,000, 22,000 ಅಂತ ಕೂಗಿದರು, ಆಮೇಲೆ ಬಾಡಿಗೆ ಕಟ್ಟಲಾಗದೆ ಠೇವಣಿ ಬಿಟ್ಟು ಓಡಿದರು. ಈಗಲೂ ಬೀಗ. ಷಟರ್ ಪಕ್ಕ ಮೂಗು ಮುಚ್ಚಿಕೊಂಡು ನಡೆಯಬೇಕು. ಆದರೂ ಹರಾಜು ಬೇಡ ಅನ್ನುವುದಿಲ್ಲ ನಾನು. ಮೀಸಲು ಮಳಿಗೆಗಳೂ ಇರುತ್ತವೆ, ಪರಿಶಿಷ್ಟರಿಗೆ, ಅಂಗವಿಕಲರಿಗೆ. ಅವರು ಎಷ್ಟು ವರ್ಷದಿಂದ ಕಾಯುತ್ತಿದ್ದಾರೆ ಅಂತ ಆ ಫಾರ್ವರ್ಡಿನಲ್ಲಿ ಯಾರೂ ಬರೆದಿಲ್ಲ.

ರಾತ್ರಿ 9:40ಕ್ಕೆ ಮಂಜ ಬಂದ.

ಮಂಜ: ಎಲ್ಲರೂ ಸೇರಿ ನನ್ನನ್ನು ಕಳ್ಳ ಮಾಡಿದಿರಲ್ಲ, ಸಂತೋಷ. ಆ 8,000ದಲ್ಲಿ ಅಮ್ಮನ ಡಯಾಲಿಸಿಸ್‌ಗೆ ವಾರಕ್ಕೆ ಎರಡು ಸಲ ಕಾರು ಮಾಡಿಕೊಂಡು ಹೋಗುತ್ತೇನೆ, ಅದು ಸುಧಾ ಮೇಡಂ ಪಟ್ಟಿಯಲ್ಲಿ ಬರುವುದಿಲ್ಲ. 42ರಲ್ಲಿ 30 ಮಳಿಗೆ ಹೀಗೇ ಇದೆ, ಊರಿಗೆಲ್ಲ ಗೊತ್ತು. ನನ್ನ ಹೆಸರು ಮಾತ್ರ ಯಾಕೆ?

ಸುಧಾ: ಯಾಕೆಂದರೆ ಸಹಿ ಕೇಳಿದ್ದು ನೀನು ಮಂಜ.

'ಮಂಜ ಗುಂಪು ತೊರೆದರು' ಅಂತ ಬಂತು. ನಾನು ಆಗ "ಸಾಕು ಬಿಡ್ರಪ್ಪಾ" ಅಂದೆ. ಜಗಳ ಮುಗಿದ ಮೇಲೆ ಬರುವ ಪೊಲೀಸಿನ ಹಾಗೆ.

ಸೋಮವಾರ ಪುರಸಭೆ ಮುಂದೆ ಸೇರಿದ್ದು ಇಪ್ಪತ್ತು ಜನವೂ ಇಲ್ಲವಂತೆ. ಬುಧವಾರ ನಾನು ಮಂಜನಿಗೆ ಫೋನ್ ಮಾಡಿ, ಅಮ್ಮನ ಆರೋಗ್ಯ ಕೇಳಿ, ಮತ್ತೆ ಗುಂಪಿಗೆ ಸೇರಿಸಿದೆ. ಮೇಷ್ಟ್ರು ಕೂಡಲೇ 🌹 ಸ್ವಾಗತ 🌹 ಹಾಕಿದರು. ಅವರು ಮೇಲಿನದು ಒಂದನ್ನೂ ಓದಿಲ್ಲ ಅಂತ ನನ್ನ ಅನುಮಾನ.

ಗುರುವಾರ ಸಂಜೆ ಇಷ್ಟು ಬಂತು.

ಇಮ್ತಿಯಾಜ್: ಸುಧಾ ಅವರೇ, ಹರಾಜಿಗೆ ಠೇವಣಿ ಡಿಡಿ ಯಾರ ಹೆಸರಿಗೆ ತೆಗೆಸಬೇಕು?

ಮಂಜ: ಡಿಡಿ ಅಲ್ಲ ಕಣೋ, ಈ ಸಲ ಎಲ್ಲ ಆನ್‌ಲೈನ್. ಮೊದಲು ರಿಜಿಸ್ಟರ್ ಮಾಡಿಕೊಳ್ಳಬೇಕು, ಆಧಾರ್, ಪ್ಯಾನ್ ಎರಡೂ ಬೇಕು. ಕಾಂಪ್ಲೆಕ್ಸ್ ಹಿಂದಿನ ಸೈಬರಿನವನು ಮಾಡಿಕೊಡುತ್ತಾನೆ, 200 ರೂಪಾಯಿ ತಗೊಂಡ.

ಇಮ್ತಿಯಾಜ್: ನೀನೂ ಮಾಡಿಸಿದೆಯಾ?

ಮಂಜ: ಹೂಂ. 14ಕ್ಕೇ.

ಇಮ್ತಿಯಾಜ್: ಸರಿ. ನಿನ್ನ ಎರಡು ಪ್ಯಾಂಟ್ ಆಲ್ಟರ್ ಆಗಿದೆ, ಬಂದು ತಗೊಂಡು ಹೋಗು. ಏಳೂವರೆವರೆಗೆ ಇರುತ್ತೇನೆ.