ಮೊಣಕಾಲಿನ ಮೆನಿಸ್ಕಸ್‌ಗೆ ಎಂಆರ್‌ಐ: 1.5 ಟೆಸ್ಲಾ ಸಾಕೇ, 3 ಬೇಕೇ?

ಬದಿಯಡ್ಕದ ವೇಷಧಾರಿ:
ಯಕ್ಷಗಾನದ ತೆಂಕುತಿಟ್ಟಿನಲ್ಲಿ ಪುಂಡುವೇಷ ಮಾಡುವವನು ನಾನು. ಮೇಳದ ತಿರುಗಾಟ ಮುಗಿಯುವ ಪತ್ತನಾಜೆಗೆ ಎರಡು ವಾರವಿದ್ದಾಗ ಧಿಗಿಣ ಹಾರಿ ಇಳಿಯುವ ಹೊತ್ತಿಗೆ ಬಲ ಮೊಣಕಾಲು ತಿರುಚಿಕೊಂಡಿತು. ಊತ ಇಳಿದಿದೆ. ಆದರೆ ಕುಕ್ಕರಗಾಲಿನಲ್ಲಿ ಕುಳಿತು ಏಳುವಾಗ ಒಳಗೆ ಏನೋ ಸಿಕ್ಕಿಬಿದ್ದಂತಾಗಿ ಕಾಲು ನೆಟ್ಟಗಾಗುವುದಿಲ್ಲ. ಮೆಲ್ಲನೆ ಅಲುಗಾಡಿಸಿದರೆ ಕಟಕ್ಕೆಂದು ಬಿಡುತ್ತದೆ. ಮೆನಿಸ್ಕಸ್, ಅಂದರೆ ಮೊಣಕಾಲಿನ ಎಲುಬುಗಳ ನಡುವೆ ಮೆತ್ತೆಯಂತಿರುವ ಮೃದ್ವಸ್ಥಿ, ಹರಿದಿರಬಹುದೆಂದು ವೈದ್ಯರು ಎಂಆರ್‌ಐ ಬರೆದಿದ್ದಾರೆ. ಹತ್ತಿರದ ಕೇಂದ್ರದಲ್ಲಿರುವುದು 1.5 ಟೆಸ್ಲಾ ಯಂತ್ರ (ಟೆಸ್ಲಾ ಎಂದರೆ ಯಂತ್ರದ ಅಯಸ್ಕಾಂತದ ಬಲದ ಅಳತೆಯಂತೆ). 3 ಟೆಸ್ಲಾ ಬೇಕಿದ್ದರೆ ಮಂಗಳೂರಿಗೆ ಹೋಗಬೇಕು, ದುಡ್ಡೂ ಹೆಚ್ಚು. ಚುಚ್ಚುಮದ್ದು ಕೊಟ್ಟು ತೆಗೆಯುವ ವಿಧಾನವೂ ಇದೆಯಂತೆ. ಯಾವುದು ಸರಿ? ದೀಪಾವಳಿ ಕಳೆದರೆ ಮತ್ತೆ ತಿರುಗಾಟ.

ಕುಂಬಳೆಯ ಎಂಆರ್‌ಐ ತಂತ್ರಜ್ಞೆ:
ಅಣ್ಣಾ, ಹನ್ನೊಂದು ವರ್ಷಗಳಿಂದ ಇದೇ ನನ್ನ ಕೆಲಸ. ಟೆಸ್ಲಾ ಅಂಕಿಯ ಹಿಂದೆ ಓಡಬೇಡಿ. 3 ಟೆಸ್ಲಾದ ಚಿತ್ರ ಹೆಚ್ಚು ನಯವಾಗಿರುತ್ತದೆ, ಎಲುಬಿನ ಮೇಲಿನ ಮೃದ್ವಸ್ಥಿಯ ಸವೆತ ನೋಡಲು ಒಳ್ಳೆಯದು. ಮೆನಿಸ್ಕಸ್ ಹರಿದಿದೆಯೇ ಎಂದು ತಿಳಿಯಲು 1.5 ಧಾರಾಳ ಸಾಕು. ನೀವು ಕೇಳಬೇಕಾದದ್ದು ಬೇರೆ: ಮೊಣಕಾಲಿಗೆಂದೇ ಇರುವ ಕಾಯಿಲ್ (ಕಾಲಿನ ಸುತ್ತ ಕೂರಿಸಿ ಸಂಕೇತ ಹಿಡಿಯುವ ಸಾಧನ) ಇದೆಯೇ? ಕೊಬ್ಬಿನ ಹೊಳಪು ಅಡಗಿಸಿದ ಪ್ರೋಟಾನ್ ಡೆನ್ಸಿಟಿ ಎಂಬ ಬಗೆಯ ಚಿತ್ರಗಳನ್ನು ಮೂರು ದಿಕ್ಕುಗಳಿಂದ, ಸುಮಾರು 3 ಮಿಲಿಮೀಟರ್ ದಪ್ಪದ ಪದರಗಳಲ್ಲಿ ತೆಗೆಯುತ್ತಾರೆಯೇ? ಅದರಲ್ಲಿ ಆರೋಗ್ಯವಂತ ಮೆನಿಸ್ಕಸ್ ಕಾಡಿಗೆಯಷ್ಟು ಕಪ್ಪು. ಬಿಳಿ ಗೆರೆಯೊಂದು ಅದರ ಮೇಲ್ಮೈ ಮುಟ್ಟಿ, ಎರಡು ಪದರಗಳಲ್ಲಾದರೂ ಕಂಡರೆ ರೇಡಿಯಾಲಜಿಸ್ಟ್ ಹರಿದಿದೆ ಎಂದು ಬರೆಯುತ್ತಾರೆ. ಗೆರೆ ಒಳಗೇ ಉಳಿದಿದ್ದರೆ ಸಾಮಾನ್ಯವಾಗಿ ಹಾಗೆ ಬರೆಯುವುದಿಲ್ಲ.

ಒಂದೇ ಸಲ ತೆಗೆದು ಬೇಕಾದ ದಿಕ್ಕಿಗೆ ತಿರುಗಿಸಿ ನೋಡುವ 3ಡಿ ವಿಧಾನವೂ ಇದೆ. ಆದರೆ ನಡುವೆ ಕಾಲು ಅಲುಗಿದರೆ ಇಡೀ ಚಿತ್ರವೇ ಕೆಡುತ್ತದೆ. ಕೀಲಿನೊಳಗೆ ಔಷಧ ಚುಚ್ಚಿ ತೆಗೆಯುವುದು ಹೆಚ್ಚಾಗಿ ಹಿಂದೆ ಮೆನಿಸ್ಕಸ್‌ಗೆ ಹೊಲಿಗೆ ಹಾಕಿಸಿಕೊಂಡವರಿಗೆ.

ನನಗೆ ಚಿಂತೆಯಾದದ್ದು ಕಾಲು ಸಿಕ್ಕಿಬೀಳುತ್ತಿದೆ ಎಂದದ್ದು. ಹರಿದ ತುಂಡು ಬಕೆಟಿನ ಹಿಡಿಯಂತೆ ಎದ್ದು ಕೀಲಿನ ನಡುವೆ ಸೇರಿದರೆ ಹೀಗಾಗುವುದುಂಟು. ದಯವಿಟ್ಟು ಈ ವಾರವೇ ಮಾಡಿಸಿ. ಅಲ್ಲಿಯವರೆಗೆ ಕುಣಿತ ಬೇಡ.

ಪೆರ್ಲದ ಅಡಿಕೆ ಕೃಷಿಕ:
ನನಗೆ ಐವತ್ತೆಂಟು. ಎರಡೂ ಮೊಣಕಾಲಿನ ಎಂಆರ್‌ಐ ತೆಗೆಸಿದ್ದೆ. ನೋವೇ ಇಲ್ಲದ ಎಡಗಾಲಿನಲ್ಲೂ ಮೆನಿಸ್ಕಸ್ ಹರಿದಿತ್ತು! ಚಿತ್ರವೊಂದನ್ನೇ ನಂಬಿ ಶಸ್ತ್ರಚಿಕಿತ್ಸೆಗೆ ಒಪ್ಪಬೇಡಿ. ಮೂಳೆ ವೈದ್ಯರು ಕಾಲನ್ನು ಮಡಚಿ, ತಿರುಗಿಸಿ ನೋಡಲಿ.

ಬದಿಯಡ್ಕದ ವೇಷಧಾರಿ:
ಹತ್ತಿರದ ಕೇಂದ್ರಕ್ಕೇ ಫೋನ್ ಮಾಡಿದೆ. ಮೊಣಕಾಲಿನ ಕಾಯಿಲ್ ಇದೆಯಂತೆ. ಗುರುವಾರ ಬೆಳಗ್ಗೆ ಬರಹೇಳಿದ್ದಾರೆ. ಕೊಳವೆಯೊಳಗೆ ಮಲಗುವುದನ್ನು ನೆನೆದರೆ ಮಾತ್ರ ಎದೆ ಹೊಡೆದುಕೊಳ್ಳುತ್ತದೆ.

ಕುಂಬಳೆಯ ಎಂಆರ್‌ಐ ತಂತ್ರಜ್ಞೆ:
ಮೊಣಕಾಲಿಗಾದರೆ ಕಾಲು ಮುಂದಾಗಿ ಒಳಗೆ ಹೋಗುತ್ತದೆ, ತಲೆ ಸಾಮಾನ್ಯವಾಗಿ ಹೊರಗೇ ಇರುತ್ತದೆ. ಬೆಳ್ಳಿಯ ಉಡಿದಾರವಿದ್ದರೆ ಮನೆಯಲ್ಲೇ ತೆಗೆದಿಟ್ಟು ಹೋಗಿ ಅಣ್ಣಾ.