13 ಸಾವಿರ ಕೊಟ್ಟರೂ ಆಯಿಲ್ ಸೋರುವುದು ನಿಂತಿಲ್ಲ, ಈಗ 57 ಸಾವಿರದ ಎಸ್ಟಿಮೇಟ್. ಏನು ಮಾಡಲಿ?

ತೀರ್ಥಹಳ್ಳಿ ಟೀಚರ್

ಎಲ್ಲರಿಗೂ ನಮಸ್ಕಾರ. ನಮ್ಮದು 2017ರ ಪೆಟ್ರೋಲ್ ಕಾರು, 1.2 ಲೀಟರ್ ಎಂಜಿನ್, ಓಡಿರುವುದು 78 ಸಾವಿರ ಕಿಲೋಮೀಟರ್. ಓಡಿಸುವವಳು ನಾನೊಬ್ಬಳೇ. ಶಾಲೆಗೆ ಹೋಗಿ ಬರುವುದು ಬಿಟ್ಟರೆ ತಿಂಗಳಿಗೊಮ್ಮೆ ಅಮ್ಮನನ್ನು ಹೃದಯದ ತಪಾಸಣೆಗೆ ಮಣಿಪಾಲಕ್ಕೆ ಕರೆದುಕೊಂಡು ಹೋಗಬೇಕು. ಅಂದರೆ ಆಗುಂಬೆ ಘಾಟಿ ಇಳಿದು, ಅದೇ ದಿನ ಸಂಜೆ ವಾಪಸ್ ಹತ್ತಬೇಕು. ಆ ತಿರುವುಗಳಲ್ಲಿ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾರು ಕೆಟ್ಟು ನಿಂತರೆ ಅನ್ನೋದೇ ನನ್ನ ಭಯ.

ಸೋರಿಕೆ ಮೊದಲು ಕಂಡದ್ದು ಅಮ್ಮನಿಗೇ. ಬೆಳಿಗ್ಗೆ ಹೂ ಕೊಯ್ಯಲು ಹೋದವಳು "ಅಂಗಳದಲ್ಲಿ ಏನೇ ಇದು ಜಿಡ್ಡು, ಇನ್ನು ಅಡಿಕೆ ಹರಡೋದು ಹ್ಯಾಗೆ" ಅಂದಳು. ಬಗ್ಗಿ ನೋಡಿದರೆ ಕಾರಿನ ಅಡಿಯಲ್ಲಿ ಕಪ್ಪು ಕಲೆ. ಆ ರಾತ್ರಿ ಹಳೇ ಪೇಪರ್ ಹಾಸಿಟ್ಟೆ. ಬೆಳಿಗ್ಗೆ ನಾಲ್ಕು ಹನಿ ಬಿದ್ದಿತ್ತು, ಒಂದಂತೂ ಐದು ರೂಪಾಯಿ ನಾಣ್ಯದಷ್ಟು ಅಗಲ ಹರಡಿತ್ತು.

ಶಿವಮೊಗ್ಗದ ಡೀಲರ್ ಸರ್ವಿಸ್ ಸೆಂಟರಿಗೆ ಒಯ್ದೆ. ಟ್ಯಾಪೆಟ್ ಕವರ್ (ಎಂಜಿನ್ ಮೇಲಿನ ಮುಚ್ಚಳ) ಪ್ಯಾಕಿಂಗ್, ಅಂದರೆ ಆಯಿಲ್ ಸೋರದಂತೆ ನಡುವೆ ಕೂರಿಸುವ ರಬ್ಬರ್, ಹೋಗಿದೆ, ಟೈಮಿಂಗ್ ಕವರಿಗೂ (ಎಂಜಿನ್ ಪಕ್ಕದ ಮುಚ್ಚಳ) ಸೀಲಂಟ್ ಅನ್ನೋ ಅಂಟು ಹೊಸದಾಗಿ ಹಾಕಬೇಕು ಅಂದರು. ಎರಡು ದಿನ ಇಟ್ಟುಕೊಂಡು 13,740 ರೂಪಾಯಿ ಬಿಲ್ ಕೊಟ್ಟರು. ಅದರಲ್ಲಿ ಲೇಬರ್ ಒಂದೇ 6,800. ಕೊಟ್ಟು ಬಂದೆ. ಸರಿಯಾಗಿ ಮೂರು ವಾರಕ್ಕೆ, 700 ಕಿಲೋಮೀಟರ್ ಓಡುವಷ್ಟರಲ್ಲಿ, ಪೇಪರ್ ಮೇಲೆ ಮತ್ತೆ ಹನಿ. ಈಗ ಗೇರ್ ಬಾಕ್ಸ್ ಕಡೆಗೆ ಬೀಳುತ್ತಿದೆ. ಘಾಟಿ ಹತ್ತಿ ಬಂದ ಮೇಲೆ ಸುಟ್ಟ ವಾಸನೆಯೂ ಬರುತ್ತದೆ.

ಮತ್ತೆ ಹೋದೆ. ಈ ಸಲ ಅಡ್ವೈಸರ್ ಕಾರನ್ನು ಲಿಫ್ಟ್ ಮೇಲೆ ಏರಿಸಿ, ಟಾರ್ಚ್ ಬಿಟ್ಟು ಎರಡು ನಿಮಿಷ ನೋಡಿ, "ಮೇಡಂ, ಇದು ಹಿಂದಿನ ಕ್ರ್ಯಾಂಕ್ ಸೀಲ್. ಗೇರ್ ಬಾಕ್ಸ್ ಇಳಿಸಬೇಕು. ಹೇಗೂ ಇಳಿಸ್ತೀವಲ್ಲ, ಕ್ಲಚ್ ಸೆಟ್ಟೂ ಬದಲಾಯಿಸಿಬಿಡಿ, ಚೇಂಬರಿಗೂ ಹೊಸ ಸೀಲಂಟ್ ಹಾಕೋಣ" ಅಂದರು. ಕ್ರ್ಯಾಂಕ್ ಸೀಲ್ ಅಂದರೆ ಎಂಜಿನ್ ಗೇರ್ ಬಾಕ್ಸಿಗೆ ಸೇರುವ ಕಡೆ ಆಯಿಲ್ ತಡೆಯುವ ರಬ್ಬರ್ ಬಳೆಯಂತೆ, ಚೇಂಬರ್ ಅಂದರೆ ಎಂಜಿನ್ ಅಡಿಯ ಆಯಿಲ್ ತೊಟ್ಟಿಯಂತೆ. ಎಸ್ಟಿಮೇಟ್ 57,200. ಹಾಗಾದರೆ ಮೊದಲು ಮಾಡಿದ ಕೆಲಸ ಯಾಕೆ ಮಾಡಿದಿರಿ ಅಂತ ಕೇಳಿದ್ದಕ್ಕೆ, ಅದು ಬೇರೆ ಲೀಕ್, ಇದು ಬೇರೆ ಲೀಕ್ ಅಂದರು. ಇರಬಹುದು. ಆದರೆ ನನಗೆ ನಂಬಿಕೆ ಬರುತ್ತಿಲ್ಲ. ವಾರಂಟಿ ಮುಗಿದು ವರ್ಷಗಳಾಗಿವೆ. 57 ಸಾವಿರ ಅಂದರೆ ನನಗೆ ಸಣ್ಣ ಮೊತ್ತ ಅಲ್ಲ. ಅಮ್ಮನ ಮುಂದಿನ ತಪಾಸಣೆಗೆ ಇನ್ನು 19 ದಿನ ಇದೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ಹಾಸನ ಗ್ಯಾರೇಜ್

ಟೀಚರ್, ಒಪ್ಪಿಗೆ ಕೊಡಬೇಡಿ, ಸ್ವಲ್ಪ ತಡೆಯಿರಿ. 26 ವರ್ಷದಿಂದ ಗ್ಯಾರೇಜ್ ನಡೆಸುತ್ತಿದ್ದೇನೆ. ಆಯಿಲ್ ಎಲ್ಲಿ ತೊಟ್ಟಿಕ್ಕುತ್ತದೋ ಅಲ್ಲೇ ಸೋರುತ್ತಿದೆ ಅಂತ ಹೇಳಲು ಆಗುವುದಿಲ್ಲ. ಮೇಲೆ ಟ್ಯಾಪೆಟ್ ಕವರ್ ಮೂಲೆಯಲ್ಲಿ ಜಿನುಗಿದ ಆಯಿಲ್ ಎಂಜಿನ್ ಬೆನ್ನ ಮೇಲೆ ಇಳಿದು, ಗೇರ್ ಬಾಕ್ಸ್ ಸೇರುವ ಕಡೆ ಬಂದು ಹನಿಯುತ್ತದೆ. ಕೆಳಗಿನಿಂದ ನೋಡಿದವರಿಗೆ ಥೇಟ್ ಕ್ರ್ಯಾಂಕ್ ಸೀಲ್ ಹೋದ ಹಾಗೇ ಕಾಣುತ್ತದೆ. ಗಾಡಿ ಓಡುವಾಗ ಗಾಳಿಯೂ ಅದನ್ನು ಹಿಂದಕ್ಕೆ ತಳ್ಳುತ್ತದೆ. ನೆನೆದ ಎಂಜಿನ್ನನ್ನು ಎರಡು ನಿಮಿಷ ಟಾರ್ಚ್ ಹಾಕಿ ನೋಡಿ ಹೇಳುವುದು ಅಂದಾಜು, ಪರೀಕ್ಷೆ ಅಲ್ಲ.

ಮೊದಲು ಎಂಜಿನ್ನನ್ನು ಡಿಗ್ರೀಸರ್ (ಜಿಡ್ಡು ತೆಗೆಯುವ ದ್ರವ) ಹಾಕಿ ಪೂರ್ತಿ ತೊಳೆಸಿ ಒಣಗಿಸಿ. ಆಲ್ಟರ್ನೇಟರ್, ಕಾಯಿಲ್, ಕನೆಕ್ಟರುಗಳಿಗೆ ಪ್ಲಾಸ್ಟಿಕ್ ಕಟ್ಟಿ ತೊಳೆಯಲು ಹೇಳಿ, ಪ್ರೆಷರ್ ನೀರು ಸುಮ್ನೆ ಹೊಡೆಸಬೇಡಿ. ಒಣಗಿದ ಮೇಲೆ ಅನುಮಾನ ಇರುವ ಕಡೆಗಳಲ್ಲಿ ಮಕ್ಕಳಿಗೆ ಹಚ್ಚುವ ಪೌಡರ್ ತೆಳ್ಳಗೆ ಉದುರಿಸಿ. 20-30 ಕಿಲೋಮೀಟರ್ ಓಡಿಸಿ ಬಂದು ನೋಡಿ. ಆಯಿಲ್ ಎಲ್ಲಿಂದ ಹೊರಟಿದೆ ಅಂತ ಬಿಳಿ ಪೌಡರ್ ಮೇಲೆ ಗೆರೆ ಬರೆದ ಹಾಗೆ ಕಾಣುತ್ತದೆ. ಎಂಜಿನ್ ಆಯಿಲಿಗೆ ಬಣ್ಣದ ಡೈ ಹಾಕಿ ಯುವಿ ಲೈಟಿನಲ್ಲಿ ನೋಡುವ ವಿಧಾನವೂ ಇದೆ. ಡೀಲರ್ ಹತ್ತಿರ ಆ ಲೈಟ್ ಇದ್ದರೆ ಅದನ್ನೇ ಮಾಡಿ ತೋರಿಸಲಿ.

ಇನ್ನೊಂದು ವಿಷಯ, ಇದನ್ನು ಜಾಸ್ತಿ ಜನ ನೋಡುವುದೇ ಇಲ್ಲ. ಎಂಜಿನ್ ಒಳಗಿನ ಗಾಳಿ ಹೊರಗೆ ಹೋಗಲು ಪಿಸಿವಿ ವಾಲ್ವ್ ಅಂತ ಇರುತ್ತದೆ. ಅದು ಮಸಿ ಹಿಡಿದು ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ, ಎಲ್ಲಿ ಪ್ಯಾಕಿಂಗ್ ಬಡವಾಗಿದೆಯೋ ಅಲ್ಲಿಂದ ಆಯಿಲ್ ತಳ್ಳುತ್ತದೆ. ಹೊಸ ಪ್ಯಾಕಿಂಗ್ ಹಾಕಿದರೂ ಮತ್ತೆ ಸೋರುವುದಕ್ಕೆ ಇದೂ ಒಂದು ಕಾರಣ. ಎಂಜಿನ್ ಐಡಲ್‌ನಲ್ಲಿರುವಾಗ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ, ತೆಗೆಯದೆ ಅಲ್ಲೇ ಇಡಿ. ಜೋರಾಗಿ ಕುಣಿದರೆ ಒತ್ತಡ ಜಾಸ್ತಿ ಇದೆ ಅಂತ. ವಾಲ್ವ್ ಬಿಚ್ಚಿ ಕಿವಿ ಹತ್ತಿರ ಅಲ್ಲಾಡಿಸಿದರೆ ಟಕ ಟಕ ಸದ್ದು ಬರಬೇಕು. ಬರದಿದ್ದರೆ ಕಟ್ಟಿಕೊಂಡಿದೆ.

ಸುಟ್ಟ ವಾಸನೆ ಮಾತ್ರ ಹಗುರವಾಗಿ ತಗೋಬೇಡಿ. ಆಯಿಲ್ ಬಿಸಿ ಎಗ್ಸಾಸ್ಟ್ (ಹೊಗೆ ಹೋಗುವ ಕೊಳವೆ) ಮೇಲೆ ಬೀಳುತ್ತಿರಬಹುದು, ಅದು ಬೆಂಕಿಗೂ ದಾರಿ. ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ದಿನಾ ನೋಡಿ, ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ, ಸಮತಟ್ಟು ಜಾಗದಲ್ಲಿ.

ಹುಬ್ಬಳ್ಳಿ ರೈಡರ್

ಅಕ್ಕಾ, ಅಷ್ಟು ಖರ್ಚು ಯಾಕೆ? ಲೀಕ್ ನಿಲ್ಲಿಸುವ ಬಾಟಲಿ ಸಿಗುತ್ತದೆ, ಆಯಿಲ್ ಜೊತೆ ಸುರಿದರೆ ಆಯ್ತು. ನಮ್ಮ ಹಳೇ ಗಾಡಿಗೆ ಹಾಕಿ ವರ್ಷ ಓಡಿಸಿದ್ದೇವೆ.

ಹಾಸನ ಗ್ಯಾರೇಜ್

ತಮ್ಮಾ, ಅದು ಒಣಗಿದ ರಬ್ಬರ್ ಸೀಲನ್ನು ಸ್ವಲ್ಪ ಉಬ್ಬಿಸುತ್ತದೆ ಅಷ್ಟೇ. ಮಡಚಿಕೊಂಡ ಪ್ಯಾಕಿಂಗ್, ಕಿತ್ತುಹೋದ ಸೀಲಂಟ್ ಅದರಿಂದ ಸರಿಯಾಗುವುದಿಲ್ಲ. ಮಾರಿಬಿಡುವ ಗಾಡಿಗೂ ನಾನು ಹಾಕುವುದಿಲ್ಲ. ಘಾಟಿ ಹತ್ತುವ ಗಾಡಿಗಂತೂ ಬೇಡ.

ಸಾಗರದವ

ನನ್ನ ಅನುಭವ ಸ್ವಲ್ಪ ಬೇರೆ. ನನಗೂ ಹೀಗೇ ಗೇರ್ ಬಾಕ್ಸ್ ಅಂತ ಡೀಲರ್ ಹೇಳಿದಾಗ ನಂಬಲಿಲ್ಲ. ಹೊರಗಡೆ ಎರಡು ಕಡೆ ಪ್ಯಾಕಿಂಗ್ ಬದಲಾಯಿಸಿ ದುಡ್ಡು ಕಳೆದೆ. ಕೊನೆಗೆ ಕ್ಲಚ್ ಜಾರಲು ಶುರುವಾಯಿತು, ಬಿಚ್ಚಿದರೆ ಪ್ಲೇಟ್ ಆಯಿಲಿನಲ್ಲಿ ನೆನೆದಿತ್ತು. ಕ್ರ್ಯಾಂಕ್ ಸೀಲೇ ಹೋಗಿತ್ತು. ಆದ್ದರಿಂದ ಡೀಲರ್ ಹೇಳಿದ್ದೆಲ್ಲ ಸುಳ್ಳು ಅಂತ ಮೊದಲೇ ತೀರ್ಮಾನ ಮಾಡಬೇಡಿ. ಪರೀಕ್ಷೆ ಮಾಡಿಸಿ, ಅದರಲ್ಲಿ ಕ್ರ್ಯಾಂಕ್ ಸೀಲ್ ಅಂತ ಬಂದರೆ ತಡ ಮಾಡಬೇಡಿ. ಹಾಗೆ ಬಂದರೆ ಕ್ಲಚ್ ಒಟ್ಟಿಗೆ ಬದಲಾಯಿಸುವ ಸಲಹೆಯೂ ತಪ್ಪಲ್ಲ. 78 ಸಾವಿರ ಓಡಿದೆ, ಇಳಿಸುವ ಲೇಬರ್ ಒಂದೇ ಸಲ ಬೀಳುತ್ತದೆ.

ಹನಿಯನ್ನು ಬೆರಳಿಗೆ ತಗೊಂಡು ಮೂಸಿಯೂ ನೋಡಿ. ಗೇರ್ ಆಯಿಲಿಗೆ ಗಂಧಕದ ಹಾಗೆ ಕಟು ವಾಸನೆ ಇರುತ್ತದೆ. ಅದಾದರೆ ಸೋರುತ್ತಿರುವುದು ಎಂಜಿನ್ ಅಲ್ಲ, ಗೇರ್ ಬಾಕ್ಸ್ ಸೀಲ್.

ವಕೀಲರ ಗುಮಾಸ್ತ

ಮೇಡಂ, ಬಿಲ್ ವಿಷಯ ನಾನು ಹೇಳುತ್ತೇನೆ. ಮೊದಲ ಸಲದ ಜಾಬ್ ಕಾರ್ಡ್ (ಏನು ಕೆಲಸ ಅಂತ ಅವರು ಬರೆದುಕೊಟ್ಟ ಚೀಟಿ), ಬಿಲ್ ಎರಡೂ ಭದ್ರವಾಗಿಡಿ. ಫೋನಿನಲ್ಲಿ ಮಾತಾಡಿದ್ದು ಲೆಕ್ಕಕ್ಕೆ ಬರುವುದಿಲ್ಲ, ಇಮೇಲ್ ಮಾಡಿ. ಬದಲಾಯಿಸಿದ ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ.

ಮಾಡಿದ ಕೆಲಸವೇ ಸರಿಯಿಲ್ಲ ಅಂತ ಗೊತ್ತಾದರೆ ಅದು ಸೇವಾ ನ್ಯೂನತೆ. ಮೊದಲು 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ವಕೀಲರೇ ಬೇಕು ಅಂತಲೂ ಇಲ್ಲ. ಎರಡು ವರ್ಷದ ಒಳಗೆ ಹಾಕಬೇಕು, ಅಷ್ಟೇ.

ಹಾಗೇ ಎಸ್ಟಿಮೇಟಿನಲ್ಲಿ ತೆರಿಗೆ ಒಮ್ಮೆ ನೋಡಿ. 2025ರ ಸೆಪ್ಟೆಂಬರ್ 22ರಿಂದ ಕಾರಿನ ಬಿಡಿ ಭಾಗಗಳಿಗೆ ಜಿಎಸ್‌ಟಿ ಶೇ. 28 ಇದ್ದದ್ದು ಶೇ. 18 ಆಗಿದೆ. ಹಳೇ ದರವನ್ನೇ ಹಾಕಿದ್ದರೆ ಕೇಳಿ.

ತೀರ್ಥಹಳ್ಳಿ ಟೀಚರ್

ಎಲ್ಲರಿಗೂ ತುಂಬಾ ತುಂಬಾ ಧನ್ಯವಾದ. ಹತ್ತು ದಿನ ಆಯಿತು, ಆದದ್ದು ಬರೆಯುತ್ತೇನೆ.

ಹನಿ ಮೂಸಿ ನೋಡಿದೆ, ಗಂಧಕದ ವಾಸನೆ ಇರಲಿಲ್ಲ. ಡೀಲರಿಗೆ ಫೋನ್ ಮಾಡಿ ತೊಳೆದು ಪರೀಕ್ಷೆ ಮಾಡಿ ತೋರಿಸಿ ಅಂದೆ. ಗೇರ್ ಬಾಕ್ಸ್ ಇಳಿಸಿದ ಮೇಲೇ ಗೊತ್ತಾಗುವುದು ಅಂದರು. ಹಾಗಾಗಿ ನಮ್ಮೂರಿನ ಒಂದು ಸಣ್ಣ ಗ್ಯಾರೇಜಿಗೆ ಕೊಟ್ಟೆ. ಆ ಹುಡುಗ ಎಂಜಿನ್ ತೊಳೆದು ಒಣಗಿಸಿದ. ನಾನೇ ಮನೆಯಿಂದ ಪೌಡರ್ ಡಬ್ಬಿ ಒಯ್ದೆ. ಮೇಗರವಳ್ಳಿ ತನಕ ಓಡಿಸಿ ವಾಪಸ್ ಬಂದು ಬಾನೆಟ್ ಎತ್ತಿದೆವು.

ಹಾಸನದ ಅಣ್ಣ ಹೇಳಿದ ಹಾಗೇ ಇತ್ತು. ಟ್ಯಾಪೆಟ್ ಕವರಿನ ಹಿಂದಿನ ಮೂಲೆ, ಗೇರ್ ಬಾಕ್ಸ್ ಇರುವ ಕಡೆ. ಅಲ್ಲಿಂದ ಕಂದು ಬಣ್ಣದ ಒಂದೇ ಗೆರೆ ಬಿಳಿ ಪೌಡರ್ ಮೇಲೆ ಕೆಳಗಿನ ತನಕ ಇಳಿದಿತ್ತು. ಒಂದು ಕವಲು ಎಗ್ಸಾಸ್ಟ್ ಕಡೆಗೂ ಹೋಗಿತ್ತು. ವಾಸನೆ ಅದರದ್ದೇ. ಕವರ್ ಬಿಚ್ಚಿದಾಗ ಡೀಲರ್ ಹಾಕಿದ ಹೊಸ ಪ್ಯಾಕಿಂಗ್ ಆ ಮೂಲೆಯಲ್ಲಿ ಕೂರಬೇಕಾದ ಜಾಗ ಬಿಟ್ಟು ಹೊರಗೆ ಬಂದು, ಮಡಚಿಕೊಂಡು, ಕವರಿನ ಅಡಿ ಸಿಕ್ಕಿ ಚಪ್ಪಟೆಯಾಗಿತ್ತು. ಮುಟ್ಟಿ ನೋಡಿದೆ, ಉಗುರಿನಲ್ಲಿ ಒತ್ತಿದ ಹಾಗೆ ಗುರುತು ಬಿದ್ದಿತ್ತು. ಮೂಲೆಯ ಜಾಯಿಂಟಿಗೆ ಹಚ್ಚಬೇಕಾದ ಸೀಲಂಟ್ ಹಚ್ಚಿಯೇ ಇರಲಿಲ್ಲ. ಪಿಸಿವಿ ವಾಲ್ವ್ ಅಲ್ಲಾಡಿಸಿದರೆ ಸದ್ದೇ ಇಲ್ಲ.

ಪ್ಯಾಕಿಂಗ್, ವಾಲ್ವ್, ಸೀಲಂಟ್, ತೊಳೆದದ್ದು, ಲೇಬರ್ ಎಲ್ಲ ಸೇರಿ 2,650 ರೂಪಾಯಿ. ಆ ಹುಡುಗ ಗೇರ್ ಬಾಕ್ಸ್ ಕೆಳಗೂ ಲೈಟ್ ಬಿಟ್ಟು ತೋರಿಸಿದ, ಒಣಗಿತ್ತು. ಸಾಗರದವರು ಹೇಳಿದ್ದು ನೆನಪಿತ್ತು, ಅದಕ್ಕೇ ಕೇಳಿ ತೋರಿಸಿಕೊಂಡೆ.

ಮಡಚಿದ ಪ್ಯಾಕಿಂಗ್ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಇಟ್ಟಿದ್ದೇನೆ. ಅದರ ಫೋಟೊ, ಪೌಡರ್ ಮೇಲಿನ ಗೆರೆಯ ಫೋಟೊ, ಹಳೇ ಬಿಲ್ ಎಲ್ಲ ಸೇರಿಸಿ ಡೀಲರಿಗೂ ಕಂಪನಿಗೂ ಇಮೇಲ್ ಮಾಡಿದ್ದೇನೆ. 6,800 ಲೇಬರ್ ವಾಪಸ್ ಕೊಡಿ ಅಂತ ಕೇಳಿದ್ದೇನೆ. ನನ್ನ ಹಾಗೇ 57 ಸಾವಿರದ ಎಸ್ಟಿಮೇಟ್ ಹಿಡಿದುಕೊಂಡು ಇನ್ನು ಎಷ್ಟು ಜನ ಸುಮ್ಮನೆ ಒಪ್ಪಿಕೊಂಡಿರಬಹುದು ಅಂತ ಯೋಚಿಸಿದರೆ ಸಂಕಟ ಆಗುತ್ತದೆ. ಉತ್ತರ ಇನ್ನೂ ಬಂದಿಲ್ಲ. ಈ ಶುಕ್ರವಾರದ ತನಕ ಕಾದು 1915ಕ್ಕೆ ಫೋನ್ ಮಾಡುತ್ತೇನೆ.

ಆರು ರಾತ್ರಿಯಿಂದ ಪೇಪರ್ ಹಾಸುತ್ತಿದ್ದೇನೆ, ಹನಿ ಬಿದ್ದಿಲ್ಲ. ಮಣಿಪಾಲಕ್ಕೆ ಹೋಗಿ ಬಂದ ಮೇಲೆ ಘಾಟಿಯಲ್ಲಿ ಹೇಗಿತ್ತು ಅಂತ ಬರೆಯುತ್ತೇನೆ.