ಹಳೇ ಕಾರಿಗೆ ದೊಡ್ಡ ಅಲಾಯ್ ಚಕ್ರ, ಗಿಡ್ಡ ಗೋಡೆಯ ಟೈರು: ಮೇಸ್ತ್ರಿಯನ್ನು ಕೇಳಿ

ಅಲೈನ್‌ಮೆಂಟ್ ಮೇಸ್ತ್ರಿ (ಪಿನ್ ಮಾಡಿದ್ದು): ಕೇಳೋ ಮೊದಲು ಇಷ್ಟು ಬರೀರಿ. ಕಾರು, ವರ್ಷ, ಈಗಿನ ಟೈರಿನ ಪೂರ್ತಿ ಅಳತೆ (175/65 ಆರ್14 ಅಂದ್ರೆ ಅಗಲ 175 ಮಿ.ಮೀ., ಗೋಡೆಯ ಎತ್ತರ ಅದರ ಶೇ. 65, ರಿಮ್ 14 ಇಂಚು), ಲೋಡ್ ನಂಬರ್ (ಟೈರು ಎಷ್ಟು ಭಾರ ಹೊರುತ್ತೆ ಅನ್ನೋ ಅಂಕಿ), ರಿಮ್ಮಿನ ಮೇಲೆ ಅಚ್ಚಾಗಿರೋ ಅಗಲ (ಇಂಚಿನಲ್ಲಿ, 5 ಜೆ ಥರ) ಮತ್ತು ಇಟಿ (ರಿಮ್ಮಿನ ನಡುಗೆರೆಯಿಂದ ಅದು ಕಾರಿಗೆ ಕೂರೋ ಮುಖಕ್ಕಿರೋ ದೂರ, ಮಿ.ಮೀ.ನಲ್ಲಿ). ರಿಮ್ ದೊಡ್ಡದಾದಷ್ಟೂ ಟೈರಿನ ಗೋಡೆ ಗಿಡ್ಡ ಆಗ್ಬೇಕು. ಒಟ್ಟು ವ್ಯಾಸ ಹಳೇದಕ್ಕಿಂತ ಶೇ. 2ಕ್ಕಿಂತ ಆಚೀಚೆ ಹೋಗಬಾರದು. ಲೋಡ್ ನಂಬರ್ ಹಳೇದಕ್ಕಿಂತ ಕೆಳಗೆ ಇಳೀಲೇಬಾರದು. ರಿಮ್ಮಿನ ಮೇಲೆ ಜೆಡಬ್ಲ್ಯೂಎಲ್, ವಿಐಎ ಗುರುತು (ಜಪಾನಿನ ಗಟ್ಟಿತನದ ಪರೀಕ್ಷೆಯದ್ದು) ಇದೆಯಾ ನೋಡಿ.

ತುಮಕೂರು ಸಿಟಿ: ನಮಸ್ಕಾರ ಮೇಸ್ತ್ರಿ. 2006ರ ಹೋಂಡಾ ಸಿಟಿ ಝಡ್‌ಎಕ್ಸ್, ಈಗ 175/65 ಆರ್14, ಲೋಡ್ 82. 15 ಇಂಚಿಗೆ ಹೋಗ್ಬೇಕು ಅಂತಿದೀನಿ. ಅಂಗಡಿಯಲ್ಲಿ 195/55 ಇದೆ, ನಟ್ಟು ಹಳೇದೇ ಸಾಕು ಅಂದ್ರು.

ಅಲೈನ್‌ಮೆಂಟ್ ಮೇಸ್ತ್ರಿ: 185/55 ಆರ್15 ತಗೊಳ್ಳಿ, ಲೋಡ್ 82. ಹಳೇ ಚಕ್ರ 583 ಮಿ.ಮೀ., ಇದು 584.5. ಆ 195/55 ಹಾಕಿದ್ರೆ 595.5 ಆಗುತ್ತೆ, ಶೇ. 2 ದಾಟಿತು. ಸ್ಟೀರಿಂಗ್ ಪೂರ್ತಿ ತಿರುಗಿಸಿ ಗುಂಡಿಗೆ ಇಳಿದಾಗ ಒಳಗಿನ ಲೈನರ್‌ಗೆ ಉಜ್ಜಬಹುದು.

ನಟ್ಟಿನ ವಿಷಯದಲ್ಲಿ ಅಂಗಡಿಯವರು ಹೇಳಿದ್ದು ತಪ್ಪು. ಹೋಂಡಾದ ಸ್ವಂತ ರಿಮ್ಮಿಗೆ ದುಂಡು ಮೂತಿಯ ನಟ್ಟು, ಹೊರಗಿನ ಅಲಾಯ್‌ಗೆ 60 ಡಿಗ್ರಿ ಕೋನ್ ಮೂತಿ. ದುಂಡು ಮೂತಿಯನ್ನು ಕೋನ್ ಕುಳಿಗೆ ಕೂರಿಸಿದ್ರೆ ಒಂದು ಗೆರೆಯಷ್ಟೇ ತಾಗುತ್ತೆ. ಬಿಗಿ ಇದ್ದಂಗೆ ಕಾಣುತ್ತೆ, ಓಡಿದ ಮೇಲೆ ಸಡಿಲ ಆಗುತ್ತೆ. ಎಂ12×1.5 (12 ಮಿ.ಮೀ. ದಪ್ಪ, ಹಲ್ಲಿನ ಅಂತರ 1.5 ಮಿ.ಮೀ.) ಕೋನ್ ನಟ್ಟು 16 ತಗೊಂಡು 108 ನ್ಯೂಟನ್ ಮೀಟರ್‌ಗೆ ಬಿಗೀರಿ. ಹಳೇ ನಟ್ಟಿನಲ್ಲಿ ನಾಲ್ಕನ್ನು ಡಿಕ್ಕಿಯಲ್ಲೇ ಇಟ್ಟಿರಿ. ಸ್ಟೆಪ್ನಿ ಸ್ಟೀಲ್ ರಿಮ್ ತಾನೇ, ಅದಕ್ಕೆ ಅವೇ ಬೇಕು.

ದಾವಣಗೆರೆ ಸ್ಯಾಂಟ್ರೋ: ಸರ್ ನನ್ನ ಸ್ಯಾಂಟ್ರೋಗೆ 16 ಹಾಕ್ಬಹುದಾ?

ಅಲೈನ್‌ಮೆಂಟ್ ಮೇಸ್ತ್ರಿ: ಪಿನ್ ಓದಿ.

ಬೆಂಗಳೂರು ಪಾಲಿಯೋ: ಫಿಯೆಟ್ ಪಾಲಿಯೋಗೆ ಸ್ನೇಹಿತರ ಸಿಟಿಯಿಂದ ಬಿಚ್ಚಿದ ಕಂಪನಿ ಅಲಾಯ್ ಸಿಕ್ಕಿದೆ. ಪಾಲಿಯೋ 4×98 (ನಾಲ್ಕು ಬೋಲ್ಟು, 98 ಮಿ.ಮೀ. ವ್ಯಾಸದ ವೃತ್ತದಲ್ಲಿ), ಇದು 4×100. ಎರಡು ಮಿಲಿಮೀಟರ್ ತಾನೇ, ನಾಲ್ಕು ಬೋಲ್ಟೂ ಹಲ್ಲು ಹಿಡೀತಿವೆ.

ಅಲೈನ್‌ಮೆಂಟ್ ಮೇಸ್ತ್ರಿ: ಹಿಡಿಯೋದೇ ಅಪಾಯ. ಹಿಡೀದೇ ಇದ್ದಿದ್ರೆ ನೀವೇ ಬಿಟ್ಟುಬಿಡ್ತಿದ್ರಿ. ವೃತ್ತದ ವ್ಯಾಸದಲ್ಲಿ 2 ಮಿ.ಮೀ. ಅಂದ್ರೆ ಪ್ರತಿ ಬೋಲ್ಟೂ ತನ್ನ ಕುಳಿಯ ನಡುವಿನಿಂದ 1 ಮಿ.ಮೀ. ಸರಿದಿರುತ್ತೆ. ಕೋನ್ ಒಂದೇ ಪಕ್ಕಕ್ಕೆ ಒತ್ತುತ್ತೆ, ಬೋಲ್ಟಿನ ಕತ್ತು ಬಾಗಿದ ಸ್ಥಿತಿಯಲ್ಲೇ ಬಿಗಿಯಾಗುತ್ತೆ. ಚಕ್ರ ಒಂದೊಂದು ಸುತ್ತು ಬಂದಾಗಲೂ ಅದು ಬಾಗಿ ನೆಟ್ಟಗಾಗ್ತಾ ಕೊನೆಗೆ ಮುರಿಯುತ್ತೆ.

ಇನ್ನೊಂದು. ಹೋಂಡಾ ರಿಮ್ಮಿನ ನಡುತೂತು 56.1 ಮಿ.ಮೀ., ಪಾಲಿಯೋ ಹಬ್ (ಚಕ್ರ ಕೂರೋ ಕಾರಿನ ಭಾಗದ ನಡು ಮೂತಿ) 58.1. ಚಿಕ್ಕ ತೂತು ದೊಡ್ಡ ಹಬ್ಬಿನ ಮೇಲೆ ಕೂರೋದೇ ಇಲ್ಲ. ಅಂಚಿಗೆ ತಾಗಿ ನಿಂತಿದೆ, ಹಿಂದೆ ಸಂದಿ ಇದೆ. ಟಾರ್ಚ್ ಬಿಟ್ಟು ನೋಡಿ, ಬೆಳಕು ಆಚೆ ಕಡೆಯಿಂದ ಕಾಣುತ್ತೆ. ಬಿಚ್ಚಿ. ಹೊಸ ತೂತು ಕೊರೆಸೋಕೂ ಹೋಗ್ಬೇಡಿ.

ಮಂಗಳೂರು ಸ್ವಿಫ್ಟ್: ಮೇಸ್ತ್ರಿ, ನನ್ನದು 2008ರ ಸ್ವಿಫ್ಟ್ ಡೀಸೆಲ್. ಮೊದಲು 165/80 ಆರ್14 ಇತ್ತು, ರಿಮ್ 5 ಜೆ. ಈಗ 17 ಇಂಚಿನ ಅಲಾಯ್, 7 ಜೆ, ಟೈರು 205/45, ಲೋಡ್ 84. ಮುಂದಿನ ಟೈರು ಒಳಗಡೆ ಸ್ಟ್ರಟ್‌ಗೆ (ಸಸ್ಪೆನ್ಷನ್ ಕಂಬಕ್ಕೆ) ತಾಗ್ತಿತ್ತು, ಹಾಗಾಗಿ ಹಬ್ಬಿಗೂ ಚಕ್ರಕ್ಕೂ ನಡುವೆ 10 ಮಿ.ಮೀ. ದಪ್ಪದ ಸ್ಪೇಸರ್ ಪ್ಲೇಟ್ ಹಾಕಿಕೊಟ್ಟರು. ಈಗ 80 ದಾಟಿದ್ರೆ ಸ್ಟೀರಿಂಗ್ ನಡುಗ್ತದೆ ಮಾರಾಯ್ರೆ. ಎರಡು ಸಲ ಬ್ಯಾಲೆನ್ಸಿಂಗ್ ಆಯ್ತು. ಶನಿವಾರ ಐದು ಜನ ಶಿರಾಡಿ ಹತ್ತಿ ಬೆಂಗಳೂರಿಗೆ ಹೋಗೋದುಂಟು.

ಅಲೈನ್‌ಮೆಂಟ್ ಮೇಸ್ತ್ರಿ: ಬೇರೆ ಏನೂ ಮಾಡೋ ಮೊದಲು ಒಂದು ಲೆಕ್ಕ ಕೊಡಿ. ಕಾರು ಸಮತಟ್ಟು ಜಾಗದಲ್ಲಿ ನೆಲದ ಮೇಲೇ ಇರಲಿ, ಹ್ಯಾಂಡ್‌ಬ್ರೇಕ್ ಹಾಕಿ. ಮುಂದಿನ ಚಕ್ರದ ಒಂದೇ ಒಂದು ನಟ್ಟು ಬಿಚ್ಚಿ, ಬೆರಳಿನಲ್ಲಿ ವಾಪಸ್ ಹಾಕಿ. ಹಲ್ಲು ಹಿಡಿದಾಗಿನಿಂದ ಕೂರೋವರೆಗೆ ಎಷ್ಟು ಸುತ್ತು?

ಹಾಸನ ಝೆನ್: ಎಲ್ಲರೂ ಓದಿ, ಫಾರ್ವರ್ಡ್ ಬಂದಿದೆ: "ಲೋ ಪ್ರೊಫೈಲ್ ಟೈರಿಗೆ 45 ಪಿಎಸ್‌ಐ ಗಾಳಿ ತುಂಬಿದ್ರೆ ಅಲಾಯ್ ಬೆಂಡ್ ಆಗಲ್ಲ. ಸ್ಟಡ್‌ಗೆ ಗ್ರೀಸ್ ಹಚ್ಚಿದ್ರೆ ನಟ್ಟು ಜಾಮ್ ಆಗಲ್ಲ. ಬೆಂಡ್ ಆದ್ರೆ ಗ್ಯಾಸ್‌ನಲ್ಲಿ ಕಾಯಿಸಿ ಬಡಿದ್ರೆ ಹೊಸದರಂತೆ."

ಅಲೈನ್‌ಮೆಂಟ್ ಮೇಸ್ತ್ರಿ: ಮೂರೂ ತಪ್ಪು, ಮೂರೂ ಅಪಾಯ. 45ಕ್ಕೆ ತುಂಬಿದ್ರೆ ಟೈರು ನಡುವೆ ಮಾತ್ರ ರಸ್ತೆ ಹಿಡಿಯುತ್ತೆ, ಮಳೆಯಲ್ಲಿ ಬ್ರೇಕ್ ನಿಲ್ಲಲ್ಲ. ಗುಂಡಿಯ ಏಟು ಟೈರಿನಲ್ಲಿ ಕರಗೋ ಬದಲು ನೇರ ರಿಮ್ಮಿಗೆ, ಸಸ್ಪೆನ್ಷನ್ನಿಗೆ ಹೋಗುತ್ತೆ. ಗ್ರೀಸ್ ಹಚ್ಚಿದ್ರೆ ಹಲ್ಲಿನ ಘರ್ಷಣೆ ಇಳಿದು, ಅದೇ ಟಾರ್ಕ್‌ಗೆ (ಬಿಗಿಯೋ ಬಲಕ್ಕೆ) ಸ್ಟಡ್ (ನಟ್ಟು ಕೂರೋ ಹಲ್ಲಿನ ಕಡ್ಡಿ) ಬೇಕಾದ್ದಕ್ಕಿಂತ ಜಾಸ್ತಿ ಎಳೆದುಕೊಳ್ಳುತ್ತೆ. ಎರಕದ ಅಲಾಯ್ ಗಟ್ಟಿ ಆಗೋದೇ ಕಾರ್ಖಾನೆಯ ಶಾಖ ಸಂಸ್ಕಾರದಿಂದ. ಗ್ಯಾಸ್ ಜ್ವಾಲೆ ಬಿಟ್ಟ ಜಾಗ ಮೆತ್ತಗಾಗುತ್ತೆ, ಮುಂದಿನ ಗುಂಡಿಗೆ ಅಲ್ಲೇ ಸೀಳುತ್ತೆ. ಸೀಳಿದ ರಿಮ್ಮಿಗೆ ವೆಲ್ಡಿಂಗ್ ಬೇಡವೇ ಬೇಡ. ದಯವಿಟ್ಟು ಇದನ್ನು ಮುಂದೆ ಕಳಿಸ್ಬೇಡಿ.

ಹಾಸನ ಝೆನ್: ಎಲ್ಲರಿಗೂ ಉಪಯೋಗ ಆಗ್ಲಿ ಅಂತ ಹಾಕಿದ್ದು ಸರ್.

ಮೈಸೂರು ಎಸ್ಟೀಮ್: ಸೆಕೆಂಡ್ ಹ್ಯಾಂಡ್ ಅಲಾಯ್ ಜೆ.ಸಿ. ರಸ್ತೆಯಲ್ಲಿ ಏನು ರೇಟ್ ಇದೆ, ಯಾರಿಗಾದ್ರೂ ಗೊತ್ತಾ?

ಮಂಗಳೂರು ಸ್ವಿಫ್ಟ್: ಎಣಿಸಿದೆ. ಐದು ಸುತ್ತು, ಅಷ್ಟೇ.

ಅಲೈನ್‌ಮೆಂಟ್ ಮೇಸ್ತ್ರಿ: ಈ ಕಾರನ್ನು ಓಡಿಸ್ಬೇಡಿ. ಶನಿವಾರ ಬಿಡಿ, ಈಗಲೇ ಬೇಡ.

ಸುಜುಕಿ ಸ್ಟಡ್ ಎಂ12×1.25. ಒಂದು ಸುತ್ತಿಗೆ 1.25 ಮಿ.ಮೀ., ಐದು ಸುತ್ತಿಗೆ 6.25. ಹನ್ನೆರಡು ಮಿ.ಮೀ. ದಪ್ಪದ ಸ್ಟಡ್‌ಗೆ ಸುಮಾರು ಅಷ್ಟೇ ಉದ್ದ ಹಲ್ಲು ಹಿಡೀಬೇಕು, ಒಂಬತ್ತು ಹತ್ತು ಸುತ್ತು. ನಿಮ್ಮದು ಅರ್ಧ. ಉಳಿದ ಉದ್ದವನ್ನು ಆ ಪ್ಲೇಟ್ ನುಂಗಿದೆ.

ಚಕ್ರವನ್ನು ಹಬ್ಬಿಗೆ ಹಿಡಿದಿರೋದು ನಟ್ಟಿನ ಒತ್ತಡ. ಅದರಿಂದ ಎರಡು ಮುಖಗಳ ನಡುವೆ ಘರ್ಷಣೆ ಹುಟ್ಟಿ ಬ್ರೇಕಿನ ಬಲ ಹೊರುತ್ತೆ. ಒತ್ತಡ ಇಳಿದ್ರೆ ಚಕ್ರ ಕೂದಲೆಳೆಯಷ್ಟು ಜಾರುತ್ತೆ, ಸ್ಟಡ್ ಬಾಗೋಕೆ ಶುರು. ಇಳಿಜಾರಿನಲ್ಲಿ ತುಂಬಿದ ಕಾರು, ಮತ್ತೆ ಮತ್ತೆ ಬ್ರೇಕು. ವಾಪಸ್ ಬರ್ತಾ ಶಿರಾಡಿ ಇಳಿಯುವಾಗ ಆಗೋದೇ ಅದು.

ನಡುಕಕ್ಕೆ ಬ್ಯಾಲೆನ್ಸಿಂಗ್ ಮದ್ದಲ್ಲ. ನಿಮ್ಮ ಹಬ್ 54.1, ಹೊರಗಿನ ಅಲಾಯ್ ತೂತು ಸಾಮಾನ್ಯವಾಗಿ 67.1 ಇಲ್ಲ 73.1. ನಡುವೆ ಉಂಗುರ ಇರ್ಬೇಕು. ಪ್ಲೇಟ್ ಬಂದು ಹಬ್ಬಿನ ಮೂತಿಯನ್ನೇ ಮುಚ್ಚಿದೆ, ಉಂಗುರ ಹಾಕಿದ್ರೂ ಹಿಡಿಯೋಕೆ ಅಲ್ಲಿ ಏನೂ ಇಲ್ಲ. ಬ್ಯಾಲೆನ್ಸಿಂಗ್ ಯಂತ್ರದಲ್ಲಿ ಕೋನ್ ಹಾಕಿ ನಡುವಿಗೆ ಹಿಡೀತಾರೆ, ಅಲ್ಲಿ ಸೊನ್ನೆ ಬರುತ್ತೆ. ಕಾರಿನ ಮೇಲೆ ಚಕ್ರ ನಡು ತಪ್ಪಿ ಕೂತಿದೆ.

ಇನ್ನು ಒಳಗೆ ತಾಗಿದ್ದು. ರಿಮ್ 5ರಿಂದ 7 ಜೆ ಆದ್ರೆ, ಇಟಿ ಅದೇ ಇದ್ದಾಗ, ಒಳಕ್ಕೂ ಹೊರಕ್ಕೂ 25.4 ಮಿ.ಮೀ. ಬೆಳೆಯುತ್ತೆ. ತಾಗದೇ ಇರುತ್ತಾ? ಲೋಡ್ ಕೂಡ ಕಮ್ಮಿ: ಹಳೇ ಟೈರು 85, ಅಂದ್ರೆ 515 ಕೆ.ಜಿ. ಇದು 84, 500 ಕೆ.ಜಿ.

ಹಳೇ ಸ್ಟೀಲ್ ರಿಮ್ ಮನೆಯಲ್ಲಿದ್ರೆ ಪ್ಲೇಟ್ ತೆಗೆದು, ಹಳೇ ನಟ್ಟಿನೊಂದಿಗೆ ಅವನ್ನೇ ಹಾಕಿ. ಬಿಚ್ಚಿದಾಗ ಪ್ರತಿ ಸ್ಟಡ್‌ನ ಹಲ್ಲು ನೋಡಿ ಹೇಳಿ. ಅಲಾಯ್ ಬೇಕೇ ಬೇಕು ಅಂದ್ರೆ 15 ಇಂಚು, 5.5 ಜೆ, 185/65, ಲೋಡ್ 88, ಇಟಿ ಹಳೇ ರಿಮ್ಮಿನ ಹತ್ತಿರವೇ, 54.1ರ ಉಂಗುರದ ಜೊತೆ. ವ್ಯಾಸ 619.6ರ ಬದಲು 621.5, ಗೋಡೆ 120 ಮಿ.ಮೀ. ಈಗಿರೋದು ಬರೀ 92.

ಹುಬ್ಬಳ್ಳಿ ಬಲೆನೊ: ಮಂದಿ ಸ್ಪೇಸರ್ ಹಾಕ್ಕೊಂಡು ಅಡ್ಡಾಡ್ತಾರಲ್ರೀ. ಯಾವುದಕ್ಕೂ ಏನೂ ಆಗಿಲ್ಲ. ಸುಮ್ನ ಹೆದರಸ್ತೀರಿ.

ತುಮಕೂರು ಸಿಟಿ: ಐದು ಸುತ್ತು ಅಂತ ಬರೆದಿದ್ದಾರೆ, ಓದಿದ್ರಾ?

ಹುಬ್ಬಳ್ಳಿ ಬಲೆನೊ: ಸ್ಪೇಸರ್‌ಗ ಬೇರೆ ಬೋಲ್ಟ್ ಹಚ್ಚೋದು ಬರ್ತೈತಿ, ಅದು ಗಟ್ಟಿ ಇರ್ತೈತಿ. ನಿಮಗ ಗೊತ್ತಿಲ್ಲಂದ್ರ ಸುಮ್ನಿರ್ರಿ.

ತುಮಕೂರು ಸಿಟಿ: ಅವರದ್ದು ಆ ಥರದ್ದಲ್ಲ ಸ್ವಾಮಿ, ಬರೀ ಪ್ಲೇಟು. ಅದಕ್ಕೇ ತಾನೇ ಈ ಮಾತು.

ಬೆಂಗಳೂರು ಪಾಲಿಯೋ: ಜಗಳ ಬೇರೆ ಕಡೆ ಮಾಡ್ಕೊಳ್ಳಿ. ಟಾರ್ಚ್ ಬಿಟ್ಟು ನೋಡಿದೆ, ಬೆಳಕು ಆಚೆಗೆ ಬರ್ತಿದೆ. ಬಿಚ್ತಾ ಇದೀನಿ.

ಶಿವಮೊಗ್ಗ ಆಲ್ಟೊ: ಟೈರಿನ ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ಉಬ್ಬು ಬಂದಿದೆ. ಒಳಗೆ ಪ್ಯಾಚ್ ಹಾಕಿಸಿದ್ರೆ ಸಾಕಾ?

ಅಲೈನ್‌ಮೆಂಟ್ ಮೇಸ್ತ್ರಿ: ಇಲ್ಲ. ಒಳಗಿನ ದಾರ ಹರಿದಿದೆ, ಬರೀ ರಬ್ಬರ್ ಗಾಳಿ ಹಿಡಿದಿದೆ. ಟೈರು ಬದಲಿಸಿ, ಅಲ್ಲಿವರೆಗೆ ಸ್ಟೆಪ್ನಿ.

ದಾವಣಗೆರೆ ಸ್ಯಾಂಟ್ರೋ: ಸರ್ 16 ಬೇಡ ಅಂದ್ರೆ 15 ಹಾಕ್ಬಹುದಾ?

ಅಲೈನ್‌ಮೆಂಟ್ ಮೇಸ್ತ್ರಿ: ಅಳತೆ ಎಲ್ಲಿ?

ಮೈಸೂರು ಎಸ್ಟೀಮ್: ರೇಟ್ ಯಾರೂ ಹೇಳ್ಲಿಲ್ಲ. ಇನ್ನೊಂದು, ಇನ್ಶೂರೆನ್ಸ್ ಕ್ಲೇಮ್‌ಗೆ ತೊಂದರೆ ಆಗುತ್ತಾ?

ಹುಬ್ಬಳ್ಳಿ ಬಲೆನೊ: ಹಿಂಗ ಒಬ್ರಿಗೆ ಪುಟಗಟ್ಟಲೆ, ಉಳಿದವ್ರಿಗೆ ಒಂದು ಶಬ್ದ. ಇದೆಂಥಾ ಉತ್ತರ ಹೇಳೋದ್ರೀ?

ಅಲೈನ್‌ಮೆಂಟ್ ಮೇಸ್ತ್ರಿ: ಚಕ್ರ ಕಳಚೋ ಸ್ಥಿತಿಯಲ್ಲಿರೋ ಕಾರು ಮೊದಲು. @ಮಂಗಳೂರು ಸ್ವಿಫ್ಟ್, ಬಿಚ್ಚಿದ್ರಾ?

ಮಂಗಳೂರು ಸ್ವಿಫ್ಟ್: ಬಿಚ್ಚಿದೆ. ಉಂಗುರ ಇರ್ಲಿಲ್ಲ. ಎಡ ಮುಂದಿನ ಚಕ್ರದ ಎರಡು ಸ್ಟಡ್‌ನ ತುದಿಯ ಹಲ್ಲು ಸವೆದು ಹೊಳೀತಾ ಉಂಟು. ಒಂದು ನಟ್ಟಿನೊಳಗೆ ಕಬ್ಬಿಣದ ಸುರುಳಿ ಸಿಕ್ಕಿತು, ಬಳೆಚೂರಿನ ಹಾಗೆ.

ಅಲೈನ್‌ಮೆಂಟ್ ಮೇಸ್ತ್ರಿ: ಅದು ಕಿತ್ತು ಬಂದ ಹಲ್ಲು. ಆ ಹಬ್ಬಿನ ನಾಲ್ಕೂ ಸ್ಟಡ್ ಹೊಸದು ಹಾಕಿಸಿ, ನಾಲ್ಕೂ ನಟ್ಟು ಸಹ. ಎರಡು ಕೆಟ್ಟಿದ್ರೆ ಉಳಿದೆರಡರ ಮೇಲೆ ಇಷ್ಟು ದಿನ ಪೂರ್ತಿ ಭಾರ ಬಿದ್ದಿದೆ. ಬಲಗಡೆಯದನ್ನೂ ಬಿಚ್ಚಿ ನೋಡಿ. ಗ್ಯಾರೇಜಿಗೆ ಓಡಿಸ್ಕೊಂಡು ಹೋಗ್ಬೇಡಿ, ಮೆಕ್ಯಾನಿಕ್ಕನ್ನು ಮನೆಗೆ ಕರೆಸಿ. ಇಂಪ್ಯಾಕ್ಟ್ ಗನ್ ಬೇಡ. ಟಾರ್ಕ್ ರೆಂಚಿನಲ್ಲಿ ಎದುರು ಬದುರಾಗಿ, ಕಾರಿನ ಕೈಪಿಡಿಯಲ್ಲಿರೋ ಅಂಕಿಗೆ ಬಿಗಿಸಿ. 50 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ನೋಡಿ.

ಮಂಗಳೂರು ಸ್ವಿಫ್ಟ್: ಆಯ್ತು. ಶನಿವಾರ ಬಸ್ಸಿಗೆ ಹೋಗ್ತೇವೆ.